ತಲೆ ಹಿಡಿದು ಬಂದ ಮಗುವಿನ ಮಾತು



ಅರಸುಗಳ ಎರಡನೆಯ ಗ್ರಂಥದ ನಾಲ್ಕನೆಯ ಅಧ್ಯಾಯದಲ್ಲಿ ಶೂನೇಮ್ ಎಂಬ ಊರಿನ ತಾಯಿಯೊಬ್ಬಳ ಕಥೆ ಬರುತ್ತದೆ. ಬಹುಕಾಲ ಮಕ್ಕಳಿಲ್ಲದೆ ಇದ್ದ ಆಕೆಗೆ ಪ್ರವಾದಿ ಎಲೀಷರು ನುಡಿದಂತೆ ಒಬ್ಬ ಮಗ ಹುಟ್ಟಿದ. ಹುಡುಗ ಬೆಳೆದ. ಸುಗ್ಗಿಯ ದಿನಗಳಲ್ಲಿ ಒಮ್ಮೆ, ಕೊಯ್ಲು ನಡೆಯುತ್ತಿದ್ದ ಹೊಲಕ್ಕೆ ತಂದೆಯನ್ನು ಹುಡುಕಿಕೊಂಡು ಹೋದ. ಅಲ್ಲಿ ಇದ್ದಕ್ಕಿದ್ದಂತೆ ತಲೆ ನೋಯುತ್ತಿದೆ ಎಂದು ಕೂಗಿಕೊಂಡ. ತಂದೆ ಒಬ್ಬ ಆಳನ್ನು ಕರೆದು, ಇವನನ್ನು ಎತ್ತಿಕೊಂಡು ಹೋಗಿ ತಾಯಿಗೆ ಕೊಡು ಎಂದ. ಅಷ್ಟೇ. ಮಗು ನಡುಹಗಲಿನವರೆಗೆ ತಾಯಿಯ ತೊಡೆಯ ಮೇಲಿದ್ದು ಪ್ರಾಣ ಬಿಟ್ಟಿತು.

ಗುರುಮಠದಲ್ಲಿ ಈ ಅಧ್ಯಾಯವನ್ನು ಓದಿದಾಗ ನನ್ನ ಗಮನವೆಲ್ಲ ಮುಂದೆ ನಡೆಯುವ ಅದ್ಭುತದ ಮೇಲಿತ್ತು. ಹೊಲದಲ್ಲಿ ನಿಂತ ಆ ತಂದೆಯ ಕಡೆ ನಾನು ನೋಡಿರಲಿಲ್ಲ. ಗಂಗಾವತಿಯ ಭತ್ತದ ಗದ್ದೆಗಳಲ್ಲಿ, ಯಲಬುರ್ಗಾ, ಕುಷ್ಟಗಿಯ ಹೊಲಗಳಲ್ಲಿ ಸುಗ್ಗಿ ನೋಡಿದವರಿಗೆ ಅವನ ಅವಸರ ಅರ್ಥವಾಗುತ್ತದೆ. ಕೂಲಿಯವರು ಕಾಯುತ್ತಿರುತ್ತಾರೆ, ಬಿಸಿಲು ಏರುತ್ತಿರುತ್ತದೆ. ಆತ ಕೆಟ್ಟವನಲ್ಲ. ತಲೆನೋವು ತಾನೇ, ಸ್ವಲ್ಪ ಮಲಗಿದರೆ ಹೋಗುತ್ತದೆ ಎಂದುಕೊಂಡಿರಬೇಕು. ನಾನೂ ಒಮ್ಮೆ ಹಾಗೆಯೇ ಅಂದುಕೊಂಡೆ. ಅದನ್ನೇ ಇಂದು ನಿಮ್ಮ ಮುಂದೆ ಹೇಳಿಕೊಳ್ಳಬೇಕಾಗಿದೆ.

ಮೊದಲು ಹೋದದ್ದು ಊರುಗೋಲು

ನಮ್ಮ ಧರ್ಮಕೇಂದ್ರದ ಒಬ್ಬ ಹುಡುಗಿ ಎಸ್ಸೆಸ್ಸೆಲ್ಸಿ ಓದುತ್ತಿದ್ದಳು. ಒಂದು ಭಾನುವಾರ ಧರ್ಮೋಪದೇಶ ತರಗತಿ ಮುಗಿದ ಮೇಲೆ ಬಾಗಿಲ ಬಳಿ ನಿಂತು, "ತಲಿ ಭಾಳ ನೋಯಾಕತ್ತೈತ್ರಿ ಫಾದರ್" ಎಂದಳು. ಮದುವೆಯ ಬಲಿಪೂಜೆಯೊಂದಕ್ಕೆ ನಾನು ಹೊರಟು ನಿಂತಿದ್ದೆ. "ಪರೀಕ್ಷೆಯ ಹೆದರಿಕೆ ಮಗಳೇ, ರಾತ್ರಿ ಒಂದು ಜಪಸರ ಮಾಡಿ ಮಲಗು" ಎಂದೆ. ಅವಳು ತಲೆಯಾಡಿಸಿ ಹೋದಳು. ಮುಂದಿನ ವಾರಗಳಲ್ಲಿಯೂ ಅವಳ ಮುಖ ಬಾಡಿದ್ದನ್ನು ಕಂಡೆ. ಕೇಳಲಿಲ್ಲ. ಅವಳೂ ಮತ್ತೆ ಹೇಳಲಿಲ್ಲ. ಒಮ್ಮೆ ಹೇಳಿ ಉತ್ತರ ಸಿಗದ ಮಗು ಎರಡನೆಯ ಸಲ ಹೇಳುವುದು ಅಪರೂಪ.

ಕೆಲವು ತಿಂಗಳ ನಂತರ ಒಂದು ಸಂಜೆ ಅವಳ ತಂದೆತಾಯಿ ಗುರುಗಳ ಮನೆಗೆ ಬಂದರು. ತಂದೆಯ ಕೈಯಲ್ಲಿ ದೊಡ್ಡದೊಂದು ಲಕೋಟೆ. ಹುಬ್ಬಳ್ಳಿಗೆ ರೈಲಿನಲ್ಲಿ ಕರೆದುಕೊಂಡು ಹೋಗಿ ತಲೆಯ ಸ್ಕ್ಯಾನ್ ಮಾಡಿಸಿದ್ದರು. ವರದಿ ಇಂಗ್ಲಿಷಿನಲ್ಲಿತ್ತು. ಅದರಲ್ಲಿ ಅವರು ಓದಿ ತಿಳಿದುಕೊಂಡ ಪದ ಒಂದೇ: ಸಿಸ್ಟ್. ತಾಯಿ ಅಳುತ್ತ, "ನಾ ಏನ್ ಪಾಪ ಮಾಡಿದ್ದೆ ಅಂತ ದೇವರು ನನ್ನ ಮಗಳ ತಲ್ಯಾಗ ಇದನ್ನ ಇಟ್ಟಾನ್ರಿ?" ಎಂದಳು. ತಂದೆ ದನಿ ತಗ್ಗಿಸಿ, "ಯಾರ ಮುಂದೂ ಹೇಳಬ್ಯಾಡ್ರಿ ಫಾದರ್. ನಾಳೆ ಹುಡುಗಿ ತಲ್ಯಾಗ ಗಡ್ಡಿ ಐತಿ ಅಂತ ಗೊತ್ತಾದ್ರ ಯಾರು ಲಗ್ನ ಮಾಡ್ಕೋತಾರ?" ಎಂದ. ಅಷ್ಟರಲ್ಲಿ ಅಜ್ಜಿ ಬೇರೆ ಊರಿನಿಂದ ಒಂದು ತಾಯಿತ ತರಿಸಿ ಹುಡುಗಿಯ ತೋಳಿಗೆ ಕಟ್ಟಿಯೂ ಆಗಿತ್ತು.

ಮಗ ಸತ್ತ ಸುದ್ದಿ ತಿಳಿದಾಗ ಎಲೀಷರು ಮೊದಲು ತಮ್ಮ ಸೇವಕ ಗೇಹಜಿಯ ಕೈಯಲ್ಲಿ ಊರುಗೋಲನ್ನು ಕಳಿಸಿದರು. ಗೇಹಜಿ ಓಡಿಹೋಗಿ ಅದನ್ನು ಮಗುವಿನ ಮುಖದ ಮೇಲಿಟ್ಟ. ಏನೂ ಆಗಲಿಲ್ಲ. ತಾಯಿ ಮಾತ್ರ ಪ್ರವಾದಿಯ ಕಾಲು ಬಿಡಲಿಲ್ಲ, ನೀವೇ ಬರಬೇಕು ಎಂದು ಹಟ ಹಿಡಿದಳು. ಅವರು ಬಂದರು. ಬಾಗಿಲು ಮುಚ್ಚಿ ಪ್ರಾರ್ಥಿಸಿದರು. ಮಗುವಿನ ಬಾಯಿಗೆ ಬಾಯಿ, ಕಣ್ಣಿಗೆ ಕಣ್ಣು, ಅಂಗೈಗೆ ಅಂಗೈ ತಾಗುವಂತೆ ಬಾಗಿದರು. ಆ ತಣ್ಣನೆಯ ಮೈ ಬೆಚ್ಚಗಾಯಿತು.

ಊರುಗೋಲು ಪವಿತ್ರವಾದದ್ದೇ, ಜಪಸರ ಇನ್ನೂ ಪವಿತ್ರವಾದದ್ದು. ಆದರೆ ಆ ಭಾನುವಾರ ನಾನು ಜಪಸರವನ್ನು ಊರುಗೋಲಿನಂತೆ ಕಳಿಸಿದೆ, ನಾನು ಹೋಗಲಿಲ್ಲ. ಎಷ್ಟು ದಿನದಿಂದ ನೋವು, ಬೆಳಿಗ್ಗೆಯೋ ಸಂಜೆಯೋ, ವಾಂತಿಯಾಗುತ್ತದೆಯೇ, ಊಟ ಮಾಡಿದ್ದೀಯಾ ಎಂಬ ನಾಲ್ಕು ಪ್ರಶ್ನೆ ಕೇಳಲು ನನಗೆ ಎರಡು ನಿಮಿಷ ಸಾಕಾಗುತ್ತಿತ್ತು.

ಆ ಒಂದು ಪದದ ಅರ್ಥವೇನು?

ಆ ಸಂಜೆ ಲಕೋಟೆ ನೋಡಿ ನಾನೂ ಹೆದರಿದೆ ಎಂಬುದನ್ನು ಮುಚ್ಚಿಡುವುದಿಲ್ಲ. ಆಗ ನೆನಪಾದದ್ದು ಇದೇ ಅಧ್ಯಾಯದ ಇನ್ನೊಂದು ಮಾತು. ತಾಯಿ ಬಂದು ಕಾಲು ಹಿಡಿದಾಗ, ಈಕೆಯ ಸಂಕಟದ ಕಾರಣವನ್ನು ದೇವರು ತನಗೆ ತಿಳಿಸಿಲ್ಲ ಎಂದು ಎಲೀಷರು ಒಪ್ಪಿಕೊಳ್ಳುತ್ತಾರೆ. ದೇವರ ಮನುಷ್ಯನೇ ಗೊತ್ತಿಲ್ಲ ಎಂದು ಹೇಳಬಹುದಾದರೆ, ಧರ್ಮಕೇಂದ್ರದ ಗುರು ಹೇಳಲು ನಾಚಬೇಕಾಗಿಲ್ಲ. "ನನಗೆ ಇದು ಗೊತ್ತಿಲ್ಲ. ಗೊತ್ತಿರುವವರ ಹತ್ತಿರ ಹೋಗೋಣ, ನಾನೂ ಬರುತ್ತೇನೆ" ಎಂದೆ. ಮುಂದಿನ ವಾರ ನಾಲ್ವರೂ ನರರೋಗ ತಜ್ಞರ ಮುಂದೆ ಕುಳಿತೆವು.

ಅಲ್ಲಿ ನಾವು ಕಲಿತದ್ದು ಇದು. ಸಿಸ್ಟ್ ಎಂದರೆ ದ್ರವ ತುಂಬಿದ ಒಂದು ಚೀಲ, ನೀರುಗುಳ್ಳೆ. ಅದು ಕ್ಯಾನ್ಸರ್ ಗೆಡ್ಡೆಗೆ ಇನ್ನೊಂದು ಹೆಸರಲ್ಲ. ಮಿದುಳಿನಲ್ಲಿ ಕಾಣುವ ಗುಳ್ಳೆಗಳಲ್ಲಿ ಹಲವು ಜಾತಿಗಳಿವೆ. ಯಾವ ಜಾತಿ, ಎಲ್ಲಿದೆ, ಎಷ್ಟು ದೊಡ್ಡದು, ಸುತ್ತಲಿನ ಭಾಗವನ್ನು ಒತ್ತುತ್ತಿದೆಯೇ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಕೇವಲ ಆ ಪದವನ್ನು ಹಿಡಿದುಕೊಂಡು ಅಳುವುದೆಂದರೆ, ನ್ಯಾಯಾಲಯದ ತೀರ್ಪಿನ ಮೊದಲ ಸಾಲನ್ನಷ್ಟೇ ಓದಿ ಮನೆಗೆ ಬಂದಂತೆ.

ನಮ್ಮ ಹುಡುಗಿಯದು ಅರಾಕ್ನಾಯ್ಡ್ ಗುಳ್ಳೆ. ಮಿದುಳನ್ನು ಹೊದ್ದಿರುವ ಪೊರೆಗಳಲ್ಲಿ ಜೇಡರ ಬಲೆಯಷ್ಟು ತೆಳುವಾದ ಒಂದು ಪೊರೆ ಇದೆ. ಮಗು ಗರ್ಭದಲ್ಲಿ ರೂಪುಗೊಳ್ಳುವಾಗ ಆ ಪೊರೆ ಕೆಲವರಲ್ಲಿ ಸೀಳಿಕೊಂಡು ಪುಟ್ಟ ಚೀಲವಾಗುತ್ತದೆ, ಅದರಲ್ಲಿ ಮಿದುಳಿನ ಸುತ್ತ ಇರುವ ಅದೇ ತಿಳಿನೀರು ತುಂಬಿಕೊಳ್ಳುತ್ತದೆ. ಇಂಥ ಗುಳ್ಳೆ ಇರುವ ಬಹುತೇಕ ಜನ ಅದು ಇದೆ ಎಂದೇ ತಿಳಿಯದೆ ಬಾಳುತ್ತಾರೆ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ವೈದ್ಯರು ಬೇರೆಬೇರೆ ಕಾರಣಗಳಿಗಾಗಿ ಎಂಆರ್‌ಐ ಮಾಡಿಸಿಕೊಂಡ 11,738 ಮಕ್ಕಳ ಚಿತ್ರಗಳನ್ನು ಪರಿಶೀಲಿಸಿ 2010ರಲ್ಲಿ ವರದಿ ಪ್ರಕಟಿಸಿದರು. 309 ಮಕ್ಕಳಲ್ಲಿ ಈ ಗುಳ್ಳೆ ಕಂಡಿತ್ತು, ಅಂದರೆ ನೂರಕ್ಕೆ ಎರಡೂವರೆಗಿಂತ ತುಸು ಹೆಚ್ಚು. ಅವುಗಳಲ್ಲಿ ಹೆಚ್ಚಿನವು ಯಾವ ತೊಂದರೆಯನ್ನೂ ಕೊಟ್ಟಿರಲಿಲ್ಲ. ಮಿದುಳಿನ ನಡುವೆ ಇರುವ ಪೀನಿಯಲ್ ಗ್ರಂಥಿಯಲ್ಲಿ ಕಾಣುವ ಸಣ್ಣ ಗುಳ್ಳೆಗಳ ಮಾತೂ ಬಹುಮಟ್ಟಿಗೆ ಹೀಗೆಯೇ.

ಹಾಗಾದರೆ ತಲೆನೋವು? ಅದು ಮೈಗ್ರೇನ್, ಅಂದರೆ ಅರೆತಲೆನೋವು ಎಂದು ವೈದ್ಯರು ಹೇಳಿದರು. ಅವರು ಹುಡುಗಿಯನ್ನೇ ಕೇಳುತ್ತ ಹೋದಂತೆ ಒಂದೊಂದೇ ಹೊರಬಂತು. ಬೆಳಿಗ್ಗೆ ಏನೂ ತಿನ್ನದೆ ಶಾಲೆಗೆ ಹೋಗುವುದು, ಶಾಲೆಯಲ್ಲಿ ಶೌಚಾಲಯಕ್ಕೆ ಹೋಗಬೇಕಾಗುತ್ತದೆಂದು ನೀರು ಕುಡಿಯದಿರುವುದು, ರಾತ್ರಿ ಹನ್ನೆರಡರವರೆಗೆ ಓದು, ತಾಯಿಗೂ ಹರೆಯದಲ್ಲಿ ಇದೇ ನೋವು ಇದ್ದದ್ದು. ತಾಯಿಯ ಮುಖ ನೋಡಿದೆ. ಮಗಳು ನೀರು ಕುಡಿಯುವುದಿಲ್ಲ ಎಂಬುದು ಅವರಿಗೆ ಅಂದೇ ಗೊತ್ತಾದದ್ದು. ನೋವು ಒಂದು ಕಾರಣದಿಂದ ಬಂದಿತ್ತು, ನೋವನ್ನು ಹುಡುಕಲು ಹೋದಾಗ ಅದಕ್ಕೆ ಸಂಬಂಧವಿಲ್ಲದ ಗುಳ್ಳೆ ಕಣ್ಣಿಗೆ ಬಿದ್ದಿತ್ತು. ತಲೆನೋವಿರುವ ಮಕ್ಕಳ ಸ್ಕ್ಯಾನಿನಲ್ಲಿ ಗುಳ್ಳೆ ಕಂಡಾಗ ಎಷ್ಟೋ ಸಲ ನಡೆಯುವುದು ಇದೇ.

ತಲೆನೋವು ನಮ್ಮ ನಾಡಿನಲ್ಲಿ ಎಷ್ಟು ಸಾಮಾನ್ಯ ಎಂದರೆ, ನಿಮ್ಹಾನ್ಸ್ ತಜ್ಞರು ಬೆಂಗಳೂರಿನ ನಗರ ಮತ್ತು ಹಳ್ಳಿಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಮನೆಮನೆಗೆ ಹೋಗಿ ಕೇಳಿದಾಗ, ನೂರರಲ್ಲಿ ಸುಮಾರು 64 ಜನ ಆ ಒಂದು ವರ್ಷದಲ್ಲಿ ತಲೆನೋವು ಅನುಭವಿಸಿದ್ದರು. ನೂರಕ್ಕೆ ಸುಮಾರು 25 ಜನರಿಗೆ ಮೈಗ್ರೇನ್ ಇತ್ತು. ಇಷ್ಟು ಜನರ ಬಾಧೆಯನ್ನು "ತಲೆನೋವು ತಾನೇ" ಎಂದು ತಳ್ಳಿಹಾಕುವುದು ಸರಿಯಲ್ಲ. ಹಾಗೆಂದು ಪ್ರತಿ ತಲೆನೋವಿಗೂ ಸಾಲ ಮಾಡಿ ಸ್ಕ್ಯಾನಿಗೆ ಓಡುವುದೂ ಬೇಕಿಲ್ಲ. ಮಗುವನ್ನು ಪರೀಕ್ಷಿಸಿದ ವೈದ್ಯರು ಬೇಕೆಂದರೆ ಮಾಡಿಸಬೇಕು.

ಕೆಲವು ಗುಳ್ಳೆಗಳು ದೊಡ್ಡದಾಗಿ ಮಿದುಳನ್ನು ಒತ್ತುತ್ತವೆ, ಇಲ್ಲವೆ ಮಿದುಳಿನ ನೀರು ಹರಿಯುವ ದಾರಿಗೆ ಅಡ್ಡವಾಗುತ್ತವೆ. ಅಂಥವಕ್ಕೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ, ತಡ ಮಾಡಬಾರದು. ಇನ್ನು ಕೆಲವನ್ನು ಕಾಲಕಾಲಕ್ಕೆ ಮತ್ತೆ ಸ್ಕ್ಯಾನ್ ಮಾಡಿ ನೋಡುತ್ತಿರಬೇಕು. ಈ ವ್ಯತ್ಯಾಸವನ್ನು ಹೇಳಬೇಕಾದವರು ತಜ್ಞರು, ನೆರೆಮನೆಯವರಲ್ಲ, ತಾಯಿತ ಕಟ್ಟುವವರಂತೂ ಅಲ್ಲವೇ ಅಲ್ಲ.

ಮಾತ್ರೆ ಬಿಟ್ಟ ಹುಡುಗ

ಎರಡನೆಯ ಮಗುವಿನ ಮಾತು ಬೇರೆ. ಗಂಗಾವತಿ ಕಡೆಯ ಒಂದು ಹಳ್ಳಿಯ ಹುಡುಗ, ಹದಿನಾಲ್ಕು ವರ್ಷ. ತಲೆನೋವಿನ ಜೊತೆಗೆ ಒಂದು ದಿನ ಮೂರ್ಛೆ ಬಂತು, ನಾವು ಫಿಟ್ಸ್ ಎನ್ನುವುದು. ಸ್ಕ್ಯಾನಿನಲ್ಲಿ ಒಂದು ಸಣ್ಣ ಗುಳ್ಳೆ, ಸುತ್ತ ಊತ. ಇದು ಹುಟ್ಟಿನಿಂದ ಬಂದದ್ದಲ್ಲ. ಲಾಡಿಹುಳುವಿನ ಮರಿ ಮಿದುಳಿನಲ್ಲಿ ಮಾಡಿಕೊಂಡ ಗುಳ್ಳೆ. ವೈದ್ಯರು ಇದನ್ನು ನ್ಯೂರೋಸಿಸ್ಟಿಸರ್ಕೋಸಿಸ್ ಎನ್ನುತ್ತಾರೆ.

ತಲೆಯಲ್ಲಿ ಹುಳ ಎಂಬ ಮಾತು ಕೇಳಿ ಮನೆಯವರಿಗೆ ನಾಚಿಕೆಯಾಯಿತು. "ನಾವು ಹಂದಿ ಮಾಂಸ ಮುಟ್ಟೋದೇ ಇಲ್ಲ, ನಮಗ್ಯಾಕ ಇದು ಬರತೈತಿ?" ಎಂದರು. ಇಲ್ಲಿಯೇ ನಾವೆಲ್ಲರೂ ಎಡವುವುದು. ಸರಿಯಾಗಿ ಬೇಯಿಸದ, ಗುಳ್ಳೆಯಿರುವ ಹಂದಿ ಮಾಂಸ ತಿಂದವನ ಕರುಳಿನಲ್ಲಿ ಲಾಡಿಹುಳು ಬೆಳೆಯುತ್ತದೆ. ಅದರ ಮೊಟ್ಟೆಗಳು ಅವನ ಮಲದಲ್ಲಿ ಹೊರಬೀಳುತ್ತವೆ. ಬಯಲಿನಿಂದ ನೀರಿಗೆ, ತರಕಾರಿಗೆ, ತೊಳೆಯದ ಕೈಯಿಂದ ರೊಟ್ಟಿಗೆ ಆ ಮೊಟ್ಟೆ ಸೇರಿ ಯಾರ ಹೊಟ್ಟೆಗೆ ಹೋಗುತ್ತದೋ ಅವರ ಮಿದುಳಿನಲ್ಲಿ ಗುಳ್ಳೆಯಾಗಬಹುದು. ಆದ್ದರಿಂದ ಮಾಂಸವನ್ನೇ ತಿನ್ನದ ಮನೆಯ ಮಗುವಿಗೂ ಇದು ಬರುತ್ತದೆ. ತಿಂದವನೊಬ್ಬ, ನರಳುವವನು ಇನ್ನೊಬ್ಬ.

ಈ ರೋಗದ ತಿಳಿವಳಿಕೆಗೆ ನಮ್ಮ ದೇಶದಲ್ಲಿ ಒಂದು ಚರಿತ್ರೆಯೇ ಇದೆ. ಭಾರತದಲ್ಲಿ ಸೇವೆ ಮಾಡಿ ಮರಳಿದ ಬ್ರಿಟಿಷ್ ಸೈನಿಕರಲ್ಲಿ ಮೂರ್ಛೆರೋಗ ಕಾಣಿಸಿಕೊಂಡಾಗ ಅಲ್ಲಿನ ವೈದ್ಯರು ಕಾರಣ ಹುಡುಕಿದರು. ಇಂಥ 450 ರೋಗಿಗಳ ವಿವರ 1961ರಲ್ಲಿ ಪ್ರಕಟವಾಯಿತು. ಮುಂದೆ ಸ್ಕ್ಯಾನ್ ಯಂತ್ರಗಳು ಬಂದಾಗ, ಫಿಟ್ಸ್ ಬಂದ ನಮ್ಮ ಮಕ್ಕಳ ಮಿದುಳಿನಲ್ಲಿ ಸಣ್ಣ ಉಂಗುರದಂಥ ಕಲೆ ಕಂಡು, ಅದನ್ನು ಕ್ಷಯದ ಗಂಟು ಎಂದೇ ತಿಳಿದು ಎಷ್ಟೋ ಮಂದಿಗೆ ತಿಂಗಳುಗಟ್ಟಲೆ ಕ್ಷಯದ ಔಷಧ ಕೊಡಲಾಯಿತು. ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನ ಮ್ಯಾಥ್ಯೂ ಚಾಂಡಿ, ವೇದಾಂತಂ ರಾಜಶೇಖರ್ ಮತ್ತು ಅವರ ಸಂಗಡಿಗರು ಆ ಕಲೆಗಳನ್ನು ತೆಗೆದು ಪರೀಕ್ಷಿಸಿ, ಅವುಗಳಲ್ಲಿ ಹಲವು ಸಾಯುತ್ತಿರುವ ಹುಳುವಿನ ಗುಳ್ಳೆಗಳೆಂದು 1989ರಲ್ಲಿ ತೋರಿಸಿಕೊಟ್ಟರು. ತಿಳಿದಿದೆ ಎಂದು ಸುಮ್ಮನಿರದೆ ಮತ್ತೊಮ್ಮೆ ನೋಡಿದ ಆ ವೈದ್ಯರ ವಿನಯವೂ ದೇವರ ವರವೇ.

ಇಂಥ ಗುಳ್ಳೆಗೆ ಚಿಕಿತ್ಸೆ ಇದೆ. ಒಂದೇ ಸಣ್ಣ ಗುಳ್ಳೆಯಾದರೆ ಅನೇಕರಲ್ಲಿ ತಿಂಗಳುಗಳೊಳಗೆ ಕರಗಿಹೋಗುತ್ತದೆ. ಹುಳುವಿನ ಔಷಧ ಬೇಕೇ, ಊತ ಇಳಿಸುವ ಔಷಧ ಎಷ್ಟು ದಿನ, ಫಿಟ್ಸ್ ತಡೆಯುವ ಮಾತ್ರೆ ಎಂದು ನಿಲ್ಲಿಸಬೇಕು, ಇವನ್ನೆಲ್ಲ ವೈದ್ಯರೇ ನಿರ್ಧರಿಸಬೇಕು. ಶಾಲೆಗಳಲ್ಲಿ ವರ್ಷಕ್ಕೆರಡು ಸಲ ಕೊಡುವ ಜಂತುಹುಳುವಿನ ಮಾತ್ರೆಯನ್ನು ಮಕ್ಕಳು ತಪ್ಪದೆ ತೆಗೆದುಕೊಳ್ಳಲಿ, ಅದು ಹೊಟ್ಟೆಯ ಹುಳುಗಳಿಗೆ. ಆದರೆ ತಲೆಯ ಗುಳ್ಳೆಗೆಂದು ನಾವೇ ಅಂಗಡಿಯಿಂದ ಮಾತ್ರೆ ತಂದು ನುಂಗಿಸಬಾರದು. ಗುಳ್ಳೆಗಳು ಒಮ್ಮೆಗೇ ಸತ್ತರೆ ಮಿದುಳು ಬಾತುಕೊಳ್ಳುವ ಅಪಾಯವಿದೆ.

ಆ ಹುಡುಗ ಎರಡು ತಿಂಗಳು ಮಾತ್ರೆ ನುಂಗಿದ. ಫಿಟ್ಸ್ ಬರಲಿಲ್ಲ. ಮನೆಯವರು ಹರಕೆ ಹೊತ್ತಿದ್ದರು, ಹರಕೆ ಫಲಿಸಿತು ಎಂದು ಮಾತ್ರೆ ನಿಲ್ಲಿಸಿದರು. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಸ್ನೇಹಿತರೊಡನೆ ಈಜುವಾಗ ಮತ್ತೆ ಮೂರ್ಛೆ ಬಂತು. ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ತಾಯಂದಿರು ನೋಡಿ ಕೂಗಿದ್ದರಿಂದ, ಹುಡುಗರು ಕೂದಲು ಹಿಡಿದು ಎಳೆದದ್ದರಿಂದ ಅವನು ಬದುಕಿದ. ಅವನ ತಂದೆ ನನ್ನ ಮುಂದೆ ಕುಳಿತು, "ದೇವರ ಮ್ಯಾಲ ನಂಬಿಕಿ ಇಟ್ಟಿದ್ದು ತಪ್ಪಾತೇನ್ರಿ ಫಾದರ್?" ಎಂದು ಕೇಳಿದ. ನಂಬಿಕೆ ಇಟ್ಟದ್ದು ತಪ್ಪಲ್ಲ. ಮಾತ್ರೆಯಲ್ಲಿ ದೇವರ ಕೈ ಇಲ್ಲ ಎಂದುಕೊಂಡದ್ದು ತಪ್ಪು.

ಸಿರಾಖ ಗ್ರಂಥದ ಮೂವತ್ತೆಂಟನೆಯ ಅಧ್ಯಾಯವನ್ನು ಮನೆಯಲ್ಲಿ ತೆರೆದು ಓದಿ. ವೈದ್ಯನನ್ನು ಗೌರವಿಸಬೇಕು, ಅವನನ್ನೂ ಸೃಷ್ಟಿಸಿದವರು ದೇವರೇ, ಔಷಧಗಳನ್ನು ಭೂಮಿಯಿಂದ ಹುಟ್ಟಿಸಿದವರೂ ಅವರೇ, ವಿವೇಕಿ ಅವನ್ನು ತಿರಸ್ಕರಿಸುವುದಿಲ್ಲ ಎಂದು ಅಲ್ಲಿ ಬೋಧನೆಯಿದೆ. ಅದೇ ಅಧ್ಯಾಯ ರೋಗಿಗೆ ಪ್ರಾರ್ಥಿಸು ಎಂದೂ ಹೇಳುತ್ತದೆ, ವೈದ್ಯನೂ ಪ್ರಾರ್ಥಿಸುತ್ತಾನೆ ಎಂದೂ ಹೇಳುತ್ತದೆ. ಎರಡರ ನಡುವೆ ಜಗಳವಿಲ್ಲ. ದೇವರು ಎಲ್ಲದಕ್ಕೂ ಮೂಲ ಕಾರಣ. ಆದರೆ ಅವರು ತಮ್ಮ ಕೆಲಸವನ್ನು ಬೆಂಕಿ, ನೀರು, ಬೇರು, ಮನುಷ್ಯನ ಬುದ್ಧಿ ಎಂಬ ನಿಜವಾದ ಕಾರಣಗಳ ಮೂಲಕ ಮಾಡಿಸುತ್ತಾರೆ ಎಂದು ಸಂತ ತೋಮಸ್ ಅಕ್ವಿನಾಸರು ಕಲಿಸಿದ್ದಾರೆ. ಮಾತ್ರೆ ನುಂಗುವಾಗ ಶಿಲುಬೆಯ ಗುರುತು ಹಾಕಿಕೊಳ್ಳಿ. ಶಿಲುಬೆಯ ಗುರುತು ಹಾಕಿಕೊಂಡೆವೆಂದು ಮಾತ್ರೆ ಬಿಡಬೇಡಿ.

ಯಾರ ಪಾಪ?

ಹುಟ್ಟುಕುರುಡನನ್ನು ತೋರಿಸಿ, ಇದು ಇವನ ಪಾಪವೋ ತಂದೆತಾಯಿಯ ಪಾಪವೋ ಎಂದು ಶಿಷ್ಯರು ಕೇಳಿದಾಗ, ಯಾರದೂ ಅಲ್ಲ ಎಂದು ಯೇಸುಸ್ವಾಮಿ ಸ್ಪಷ್ಟವಾಗಿ ಹೇಳಿದರು. ಸಂತ ಯೊವಾನ್ನರ ಶುಭಸಂದೇಶದ ಒಂಬತ್ತನೆಯ ಅಧ್ಯಾಯದಲ್ಲಿ ಇದಿದೆ. ಎರಡು ಸಾವಿರ ವರ್ಷವಾಯಿತು, ನಾವು ಇನ್ನೂ ಅದೇ ಪ್ರಶ್ನೆ ಕೇಳುತ್ತಿದ್ದೇವೆ. ತಾಯಿಯ ಪಾಪ ಮಗಳ ತಲೆಯಲ್ಲಿ ಗುಳ್ಳೆಯಾಗುವುದಿಲ್ಲ. 139ನೆಯ ಕೀರ್ತನೆ ಗರ್ಭದಲ್ಲಿ ನಮ್ಮನ್ನು ಹೆಣೆದವರು ದೇವರು ಎಂದು ಕೊಂಡಾಡುತ್ತದೆ. ಆ ಪುಟ್ಟ ನೀರುಚೀಲವಿದ್ದ ಮಗುವನ್ನೂ ಅವರೇ ಹೆಣೆದರು, ಅವಳನ್ನೂ ನೋಡಿ ಮೆಚ್ಚಿದರು.

ಹುಳುವಿನ ಗುಳ್ಳೆಯೂ ಶಿಕ್ಷೆಯಲ್ಲ. ಆದರೆ ಅಲ್ಲಿ ನಮ್ಮೆಲ್ಲರ ಹೊಣೆ ಇದೆ. ಪಾಳೆಯದ ಹೊರಗೆ ಗುದ್ದಲಿ ತೆಗೆದುಕೊಂಡು ಹೋಗಿ, ಗುಂಡಿ ತೋಡಿ, ಮಲವನ್ನು ಮುಚ್ಚಬೇಕೆಂದು ಧರ್ಮೋಪದೇಶಕಾಂಡದ ಇಪ್ಪತ್ತಮೂರನೆಯ ಅಧ್ಯಾಯ ಇಸ್ರಯೇಲರಿಗೆ ಅಪ್ಪಣೆ ಕೊಡುತ್ತದೆ. ದೇವರ ವಾಕ್ಯ ಇಷ್ಟು ಸಣ್ಣ ವಿಷಯಕ್ಕೆ ಇಳಿಯುತ್ತದೆಯೇ ಎಂದು ನಗಬೇಡಿ. ಶೌಚಾಲಯ ಕಟ್ಟಿಸಿ ಅದರಲ್ಲಿ ಸೌದೆ ತುಂಬಿಟ್ಟು ಬಯಲಿಗೆ ಹೋಗುವವನು, ನೆರೆಯವನ ಮಗುವಿನ ತಲೆಗೆ ಅಪಾಯ ತರುತ್ತಿದ್ದಾನೆ. ಶೌಚದ ನಂತರ, ಊಟಕ್ಕೆ ಮುಂಚೆ ಸಾಬೂನಿನಿಂದ ಕೈ ತೊಳೆಯುವುದು, ಹಸಿ ಸೊಪ್ಪು ತರಕಾರಿಯನ್ನು ಚೆನ್ನಾಗಿ ತೊಳೆಯುವುದು, ಹಬ್ಬದೂಟದಲ್ಲಿ ಹಂದಿ ಮಾಂಸ ಮಾಡುವವರು ಒಳಗಿನವರೆಗೆ ಬೇಯಿಸುವುದು, ಇವೆಲ್ಲ ನೆರೆಯವರನ್ನು ಪ್ರೀತಿಸುವ ಆಜ್ಞೆಯೊಳಗೇ ಬರುತ್ತವೆ. ಕುಷ್ಟಗಿ, ಯಲಬುರ್ಗಾ ಕಡೆ ಕುರಿ ಸಾಕುವವರಿಗೆ ಇನ್ನೊಂದು ಮಾತು. ಕುರಿ ಕೊಯ್ದಾಗ ಗುಳ್ಳೆ ಕಂಡ ಪಿತ್ತಜನಕಾಂಗ, ಶ್ವಾಸಕೋಶಗಳನ್ನು ನಾಯಿಗೆ ಎಸೆಯಬೇಡಿ, ಆಳವಾಗಿ ಹೂಳಿ. ಆ ನಾಯಿಯ ಮಲದ ಮೂಲಕ ಹೈಡಾಟಿಡ್ ಎಂಬ ಇನ್ನೊಂದು ಬಗೆಯ ಗುಳ್ಳೆ ಮನುಷ್ಯರಿಗೆ ಬರುತ್ತದೆ. ಅಪರೂಪಕ್ಕೆ ಮಕ್ಕಳ ಮಿದುಳಿನಲ್ಲೂ ಬೆಳೆಯುತ್ತದೆ.

ಮದುವೆಯ ಚಿಂತೆಯ ಬಗ್ಗೆ ಒಂದು ಮಾತು. ಮೂರ್ಛೆರೋಗವನ್ನು ಹಿಂದೆ ಧರ್ಮಸಭೆಯೂ ಅಳುಕಿನಿಂದ ನೋಡಿದ್ದುಂಟು. 1917ರ ಧರ್ಮಸಂಹಿತೆ ಆ ರೋಗವಿದ್ದವರಿಗೆ ಗುರುದೀಕ್ಷೆ ಕೊಡಲು ಅಡ್ಡಿ ಮಾಡಿತ್ತು. 1983ರ ಹೊಸ ಸಂಹಿತೆಯಲ್ಲಿ ಆ ಅಡ್ಡಿ ಇಲ್ಲ. ಹಿಂದೂ ವಿವಾಹ ಕಾಯ್ದೆಯಿಂದಲೂ ಮೂರ್ಛೆರೋಗದ ಮಾತನ್ನು 1999ರಲ್ಲಿ ತೆಗೆದುಹಾಕಲಾಯಿತು. ಧರ್ಮಸಭೆ ಕಲಿಯಿತು, ಸರ್ಕಾರ ಕಲಿಯಿತು. ಸಂಬಂಧ ನೋಡಲು ಬರುವ ನಾವು ಯಾವಾಗ ಕಲಿಯುವುದು? ರೋಗವನ್ನು ಮುಚ್ಚಿಟ್ಟು ಮಾಡುವ ಮದುವೆಯಲ್ಲಿ ಹೆಣ್ಣುಮಗಳು ಅತ್ತೆಯ ಮನೆಯಲ್ಲಿ ಮಾತ್ರೆಯನ್ನು ಕದ್ದು ನುಂಗಬೇಕಾಗುತ್ತದೆ, ಇಲ್ಲವೆ ಬಿಡಬೇಕಾಗುತ್ತದೆ. ಎರಡೂ ಅಪಾಯವೇ. ಹೇಳಿ, ವೈದ್ಯರ ಮಾತಿನೊಂದಿಗೆ ಹೇಳಿ. ಗುರುಗಳ ಸಹಾಯ ಬೇಕಿದ್ದರೆ ಕೇಳಿ.

ಮನೆಯಲ್ಲಿ ನೆನಪಿಡಬೇಕಾದವು

ಯಾವ ತಲೆನೋವಿಗೆ ಕಾಯಬಾರದು ಎಂದು ತಾಯಂದಿರು ಕೇಳುತ್ತಾರೆ. ಬೆಳಗಿನ ಜಾವ ನೋವಿನಿಂದ ಎಚ್ಚರವಾಗಿ ವಾಂತಿಯಾಗುವುದು, ದಿನದಿಂದ ದಿನಕ್ಕೆ ಹೆಚ್ಚುತ್ತ ಹೋಗುವುದು, ಒಂದು ಎರಡಾಗಿ ಕಾಣುವುದು ಅಥವಾ ದೃಷ್ಟಿ ಮಬ್ಬಾಗುವುದು, ಕೈಕಾಲಿನ ಶಕ್ತಿ ಕುಂದುವುದು, ನಡಿಗೆ ತೂರಾಡುವುದು, ಫಿಟ್ಸ್, ಜ್ವರದೊಂದಿಗೆ ಕುತ್ತಿಗೆ ಸೆಟೆಯುವುದು, ಮಂಕು ಕವಿದು ಮಾತು ಬದಲಾಗುವುದು, ತಲೆಗೆ ಪೆಟ್ಟು ಬಿದ್ದ ಮೇಲೆ ನೋವು ಏರುವುದು. ಇವುಗಳಲ್ಲಿ ಒಂದು ಕಂಡರೂ ಅಂದೇ ಆಸ್ಪತ್ರೆಗೆ ಹೋಗಿ. ಕೊಪ್ಪಳದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಅಲ್ಲಿಂದ ಮುಂದೆ ಹೋಗಬೇಕಾದರೆ ಹುಬ್ಬಳ್ಳಿ, ಬಳ್ಳಾರಿಯ ಸರ್ಕಾರಿ ಆಸ್ಪತ್ರೆಗಳು, ಬೆಂಗಳೂರಿನ ನಿಮ್ಹಾನ್ಸ್ ಇವೆ.

ಯಾರಿಗಾದರೂ ಫಿಟ್ಸ್ ಬಂದರೆ ಮಗ್ಗುಲಾಗಿ ಮಲಗಿಸಿ, ಹತ್ತಿರದ ಕಲ್ಲು, ಒಲೆ ಸರಿಸಿ. ಕೈಗೆ ಕಬ್ಬಿಣ, ಬೀಗದ ಕೈ ಕೊಡುವುದರಿಂದ ಪ್ರಯೋಜನವಿಲ್ಲ. ಬಾಯಿಗೆ ಚಮಚ, ನೀರು ಏನನ್ನೂ ಹಾಕಬೇಡಿ. ಐದು ನಿಮಿಷ ಮೀರಿದರೆ ವಾಹನ ಕರೆಯಿರಿ. ಮಾತ್ರೆ ನಡೆಯುತ್ತಿರುವ ಮಗುವನ್ನು ಒಂಟಿಯಾಗಿ ಬಾವಿ, ಕಾಲುವೆ, ಕೆರೆಗೆ ಬಿಡಬೇಡಿ.

ಕಾಯಿಲೆ ಗಂಭೀರವಾಗಿದ್ದರೆ, ಶಸ್ತ್ರಚಿಕಿತ್ಸೆಗೆ ಹೊರಡುವ ಮುನ್ನ, ಅಸ್ವಸ್ಥರ ಅಭ್ಯಂಗಕ್ಕಾಗಿ ಗುರುಗಳನ್ನು ಕರೆಯಿರಿ. ಅದು ಸಾಯುವವರ ಸಂಸ್ಕಾರ ಎಂದು ಹೆದರಿ ಮಕ್ಕಳನ್ನು ದೂರವಿಡಬೇಡಿ. ತಿಳಿವಳಿಕೆಯ ವಯಸ್ಸು ಬಂದ ಮಗುವಿಗೆ ಅದನ್ನು ಕೊಡಬಹುದು. ಎಣ್ಣೆ ಹ���್ಚುವಾಗ ಗುರು ಆ ಮಗುವಿನ ಹಣೆಯನ್ನು, ಅಂಗೈಯನ್ನು ಮುಟ್ಟುತ್ತಾನೆ. ಎಲೀಷರು ಮಾಡಿದ್ದೂ ಅದನ್ನೇ ಅಲ್ಲವೇ, ದೂರದಿಂದ ಕೋಲು ಕಳಿಸುವುದನ್ನು ಬಿಟ್ಟು ಹತ್ತಿರ ಬಂದು ಮುಟ್ಟಿದ್ದು?

ನಮ್ಮ ಹುಡುಗಿಗೆ ಒಂದು ವರ್ಷದ ನಂತರ ಮತ್ತೆ ಸ್ಕ್ಯಾನ್ ಆಯಿತು. ಗುಳ್ಳೆ ಇದ್ದ ಹಾಗೆಯೇ ಇದೆ. ಮಾಯವಾಗಿಲ್ಲ, ಬೆಳೆದೂ ಇಲ್ಲ. ಅವಳು ಈಗ ಪಿಯುಸಿ ಓದುತ್ತಿದ್ದಾಳೆ. ಆಗೊಮ್ಮೆ ಈಗೊಮ್ಮೆ ತಲೆನೋವು ಬರುತ್ತದೆ. ಬಂದಾಗ ಹೇಳುತ್ತಾಳೆ, ಮನೆಯಲ್ಲಿ ಕೇಳುತ್ತಾರೆ. ತಾಯಿತವನ್ನು ಅಜ್ಜಿಯೇ ಬಿಚ್ಚಿದಳು. ನಾನು ಅವಳಲ್ಲಿ ಕ್ಷಮೆ ಕೇಳಿದಾಗ ಅವಳು ಅಂದದ್ದು ಇಷ್ಟೇ: "ನೀವು ನಮ್ಮ ಜೋಡಿ ದವಾಖಾನಿಗೆ ಬಂದ್ರೆಲ್ಲ ಫಾದರ್, ಅವತ್ತ ನನ್ನ ಅಂಜಿಕಿ ಹೋತ್ರಿ."

ಗುಳ್ಳೆ ಹೋಗಲಿಲ್ಲ, ಅಂಜಿಕೆ ಹೋಯಿತು. ಈ ವಾರ ನಿಮ್ಮ ಮನೆಯ ಹರೆಯದ ಮಗ ಅಥವಾ ಮಗಳ ಪಕ್ಕದಲ್ಲಿ ಮೊಬೈಲು ಬದಿಗಿಟ್ಟು ಹತ್ತು ನಿಮಿಷ ಕುಳಿತುಕೊಳ್ಳಿ. ಊಟ ಮಾಡಿದೆಯಾ, ನಿದ್ದೆ ಬಂತಾ, ಎಲ್ಲಿಯಾದರೂ ನೋವಿದೆಯಾ ಎಂದು ಕೇಳಿ. ಉತ್ತರ ಮುಗಿಯುವವರೆಗೆ ಎದ್ದು ಹೋಗಬೇಡಿ.

ಪ್ರಾರ್ಥಿಸೋಣ. ಕರುಣಾಮಯಿ ತಂದೆಯೇ, ಮಗನಿಗಾಗಿ ಕರ್ಮೆಲ್ ಬೆಟ್ಟದವರೆಗೆ ಹೋದ ತಾಯಿಯ ಧೈರ್ಯವನ್ನು ನಮ್ಮ ತಾಯಂದಿರಿಗೆ ಕೊಡಿರಿ. ಹೊಲದಲ್ಲಿ, ಅಂಗಡಿಯಲ್ಲಿ, ಕಚೇರಿಯಲ್ಲಿ ಅವಸರದಲ್ಲಿರುವ ತಂದೆಯರಿಗೆ ಕೇಳುವ ಕಿವಿಯನ್ನು ಕೊಡಿರಿ. ವೈದ್ಯರಿಗೆ ಬೆಳಕನ್ನೂ ನಿಮ್ಮ ಗುರುಗಳಿಗೆ ಮಗುವಿನ ಬಳಿಗೆ ತಾವೇ ಹೋಗುವ ಮನಸ್ಸನ್ನೂ ದಯಪಾಲಿಸಿರಿ. ಜೆರುಸಲೇಮಿನಲ್ಲಿ ಹನ್ನೆರಡು ವರ್ಷದ ಮಗನನ್ನು ಮೂರು ದಿನ ಕಳವಳದಿಂದ ಹುಡುಕಿದ ಮಾತೆ ಮರಿಯಮ್ಮನವರೇ, ಸಂತ ಜೋಸೆಫರೇ, ನೋವಿನಲ್ಲಿರುವ ನಮ್ಮ ಮಕ್ಕಳಿಗಾಗಿ ಪ್ರಾರ್ಥಿಸಿರಿ. ಆಮೆನ್.